ಪ್ರೀತಿಸುವ ವಯಸ್ಸಿನ ಮಕ್ಕಳು, ಮನೆಯ ನಿಯಮಗಳು



ಒಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದು ಜನರೆಲ್ಲ ಮನೆಗೆ ಹೊರಟ ಮೇಲೆ, ಹುಲಕೋಟಿಯ ಕಡೆಯಿಂದ ಬಂದಿದ್ದ ಒಬ್ಬ ತಂದೆ ಹಿಂದೆಯೇ ಉಳಿದರು. ಅವರ ಮತ್ತು ಅವರ ಮಗಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ದಿನಾಲು ಬಸ್ಸಿನಲ್ಲಿ ಗದಗಿಗೆ ಹೋಗಿ ಬರುತ್ತಿದ್ದಳು. ಆಕೆ ಒಬ್ಬ ಹುಡುಗನ ಜೊತೆ ಭೀಷ್ಮ ಕೆರೆಯ ದಂಡೆಯಲ್ಲಿ ಕುಳಿತಿದ್ದನ್ನು ಸಂಬಂಧಿಕರೊಬ್ಬರು ಕಂಡು ಮನೆಗೆ ಸುದ್ದಿ ಮುಟ್ಟಿಸಿದ್ದರು.

“ಫಾದರ್, ನಾಳಿಂದ ಕಾಲೇಜ್ ಬಿಡಸ್ತೇನ್ರಿ. ಮೊಬೈಲ್ ಕಸಗೊಂಡೇನಿ. ಒಂದು ವರಾ ನೋಡಿ ಕೊಟ್ಟು ಕೈ ತೊಳಕೋತೇನಿ” ಎಂದರು.

“ಈ ವಿಷಯದಾಗ ನಿಮ್ಮ ಮನ್ಯಾಗ ಏನ್ ನಿಯಮ ಇತ್ರಿ?” ಎಂದು ಕೇಳಿದೆ.

“ನಿಯಮ ಯಾಕ ಬೇಕ್ರಿ ಫಾದರ್? ಆಕೀಗೆ ತಿಳೀಬೇಕಲ್ಲ?”

“ಆಕೀಗೆ ಅಣ್ಣ ಅದಾನಲ್ರಿ. ಅವ ರಾತ್ರಿ ಎಷ್ಟಕ್ಕ ಮನೀಗೆ ಬರ್ತಾನ?”

ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ನಂತರ, “ಮಂದಿ ಏನಂತಾರ್ರಿ ಫಾದರ್?” ಎಂದರು. ಅವರ ಕಣ್ಣು ತುಂಬಿತ್ತು. ಅವರು ಕೆಟ್ಟ ತಂದೆಯಲ್ಲ, ಹೆದರಿದ ತಂದೆ. ನಮ್ಮಲ್ಲಿ ಬಹಳ ಜನ ತಂದೆತಾಯಂದಿರು ಇದೇ ಸ್ಥಿತಿಯಲ್ಲಿದ್ದಾರೆ. ಆದ್ದರಿಂದ ಈ ವಾರ ನಾವು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ: ಹದಿಹರೆಯದ ಮಗನೋ ಮಗಳೋ ಒಬ್ಬರನ್ನು ಮೆಚ್ಚಿಕೊಂಡಾಗ ಮನೆಯಲ್ಲಿ ಎಂಥ ನಿಯಮಗಳಿರಬೇಕು? ಅವನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು?

ಮೊದಲು ಮಾತನ್ನು ಸರಿಪಡಿಸೋಣ

ಪಟ್ಟಣದ ಮಕ್ಕಳು ಇದನ್ನು ‘ಡೇಟಿಂಗ್’ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ‘ಲವ್ ಮಾಡ್ತಾರ’ ಎನ್ನುತ್ತಾರೆ. ಸಿಟ್ಟು ಬಂದಾಗ ಹಿರಿಯರು ‘ಲಫಡಾ’ ಎನ್ನುತ್ತಾರೆ. ‘ಲಫಡಾ’ ಎಂಬ ಮಾತು ಬಾಯಿಂದ ಬಂದ ಗಳಿಗೆಯಲ್ಲಿ ಸಂಭಾಷಣೆ ಮುಗಿಯುತ್ತದೆ. ಮಗು ಆಗಲೇ ಅಪರಾಧಿಯ ಕಟಕಟೆಯಲ್ಲಿ ನಿಂತಾಯಿತು. ಇನ್ನು ಮುಂದೆ ಅದು ಹೇಳುವುದೆಲ್ಲ ತಪ್ಪಿಸಿಕೊಳ್ಳುವ ಮಾತೇ ಆಗುತ್ತದೆ.

ಹುಡುಗ ಹುಡುಗಿಯತ್ತ, ಹುಡುಗಿ ಹುಡುಗನತ್ತ ಸೆಳೆಯಲ್ಪಡುವುದು ಪಾಪವಲ್ಲ. ದೇವರು ಮನುಷ್ಯರನ್ನು ಗಂಡು ಹೆಣ್ಣಾಗಿ ಸೃಷ್ಟಿಸಿ ಅದು ಒಳ್ಳೆಯದೆಂದು ಕಂಡರೆಂದು ಆದಿಕಾಂಡವೇ ನಮಗೆ ಕಲಿಸುತ್ತದೆ. ಆದರೆ ಒಳ್ಳೆಯದಾದ ಮಾತ್ರಕ್ಕೆ ಅದು ಮಾಗಿದೆ ಎಂದಲ್ಲ. ಹೂ ಬಿಟ್ಟ ಮಾವಿನ ಗಿಡವನ್ನು ಯಾರೂ ಕಡಿಯುವುದಿಲ್ಲ, ಹೂವನ್ನೇ ಹಣ್ಣೆಂದು ಕೊಯ್ಯುವುದೂ ಇಲ್ಲ. ಕಾಯುತ್ತಾರೆ, ನೀರು ಹಾಕುತ್ತಾರೆ, ದನ ಮೇಯದಂತೆ ಬೇಲಿ ಕಟ್ಟುತ್ತಾರೆ. ಮನೆಯ ನಿಯಮ ಆ ಬೇಲಿಯ ಹಾಗೆ ಗಿಡಕ್ಕಾಗಿ ಇರಬೇಕು. ದಾರಿಯಲ್ಲಿ ಹೋಗುವವರು ಏನೆನ್ನುತ್ತಾರೋ ಎಂಬುದಕ್ಕಾಗಿ ಅಲ್ಲ.

ನಾನು ಕೊಟ್ಟ ತಪ್ಪು ಸಲಹೆ

ಈ ವಿಷಯದಲ್ಲಿ ನಾನೂ ತಪ್ಪು ಮಾಡಿದ್ದೇನೆ. ಗುರುದೀಕ್ಷೆಯಾದ ಹೊಸದರಲ್ಲಿ, ಬೇರೊಂದು ಊರಿನಲ್ಲಿ ಸಹಾಯಕ ಗುರುವಾಗಿದ್ದಾಗ ಇಂಥದೇ ಚಿಂತೆ ಹೊತ್ತು ಒಬ್ಬ ತಾಯಿ ಬಂದಿದ್ದರು. ಸೆಮಿನರಿಯಿಂದ ಆಗಷ್ಟೇ ಬಂದಿದ್ದ ನನ್ನ ತಲೆಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಎಲ್ಲ ಇದ್ದವು. ಹದಿನೇಳು ವರ್ಷದ ಒಂದು ಹುಡುಗಿಯ ಮನಸ್ಸು ಹೇಗಿರುತ್ತದೆಂಬ ತಿಳಿವಳಿಕೆ ಮಾತ್ರ ಇರಲಿಲ್ಲ. “ಬಿಗಿ ಮಾಡಿರಿ, ಹೊರಗೆ ಬಿಡಬೇಡಿರಿ” ಎಂದು ಎರಡೇ ಮಾತಿನಲ್ಲಿ ಹೇಳಿ ಕಳಿಸಿದೆ.

ಅವರು ಬಿಗಿ ಮಾಡಿದರು. ಮೂರು ತಿಂಗಳೊಳಗೆ ದೂರದ ನೆಂಟರ ಊರಿನಲ್ಲಿ ಗುಟ್ಟಾಗಿ ಆ ಹುಡುಗಿಯ ಮದುವೆ ಮುಗಿಸಿದರು. ಚರ್ಚಿಗೂ ತಿಳಿಸಲಿಲ್ಲ. ಎರಡು ವರ್ಷದ ಮೇಲೆ ಹಬ್ಬದ ಪೂಜೆಗೆ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಿದ್ದಳು. ಕುಶಲ ಕೇಳಿದೆ. “ಆರಾಮ್ ಅದೇನ್ರಿ ಫಾದರ್” ಎಂದಳು. ಹೋಗುವಾಗ ಹಿಂತಿರುಗಿ, “ನನ್ನ ಒಂದ್ ಮಾತು ಯಾರೂ ಕೇಳಲಿಲ್ಲರಿ” ಎಂದಳು. ಆಕೆ ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ತಾಯಿಗೆ ಬೇಕಾಗಿದ್ದದ್ದು ನಿಯಮ. ನಾನು ಕೊಟ್ಟದ್ದು ಬೀಗ.

ನಿಯಮ ಎಂದರೇನು?

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಕಾನೂನು ಎಂದರೇನು ಎಂಬುದನ್ನು ವಿಚಾರ ಮಾಡಿ ಅದಕ್ಕೆ ನಾಲ್ಕು ಲಕ್ಷಣ ಹೇಳಿದರು. ಒಂದು, ಅದು ವಿವೇಕದಿಂದ ಹುಟ್ಟಿರಬೇಕು. ಎರಡು, ಅದು ಎಲ್ಲರ ಹಿತಕ್ಕಾಗಿ ಇರಬೇಕು. ಮೂರು, ಸಮುದಾಯದ ಹೊಣೆ ಹೊತ್ತವರು ಅದನ್ನು ಮಾಡಿರಬೇಕು. ನಾಲ್ಕು, ಅದನ್ನು ಸಾರಿ ಹೇಳಿರಬೇಕು. ಅವರು ಬರೆದದ್ದು ಒಟ್ಟಾರೆ ಕಾನೂನಿನ ಕುರಿತು. ಆದರೆ ನಮ್ಮ ಅಡುಗೆಮನೆ, ಪಡಸಾಲೆಗೂ ಅದು ಸರಿಹೊಂದುತ್ತದೆ.

ವಿವೇಕ: “ಯಾಕೆ?” ಎಂದು ಮಗು ಕೇಳಿದರೆ ಕಾರಣ ಹೇಳಲು ಬರಬೇಕು. “ನಾ ಹೇಳೇನಿ, ಅದಕ್ಕ” ಎಂಬುದು ಐದು ವರ್ಷದ ಮಗುವಿಗೆ ಸಾಕಾಗಬಹುದು. ಹದಿನಾರಕ್ಕೆ ಸಾಕಾಗದು.

ಎಲ್ಲರ ಹಿತ: ನಿಯಮ ಮನೆಯ ಎಲ್ಲರಿಗೂ ಒಳ್ಳೆಯದು ಮಾಡಬೇಕು. ಮಗಳನ್ನು ಮಾತ್ರ ಕಟ್ಟಿಹಾಕಿ ಮಗನನ್ನು ಬಿಟ್ಟರೆ ಅದು ನಿಯಮವಲ್ಲ, ಪಕ್ಷಪಾತ. ಒಂದು ಮನೆಯ ಹುಡುಗಿ ಕೆಟ್ಟಳು ಎನ್ನುವಾಗ ಇನ್ನೊಂದು ಮನೆಯ ಹುಡುಗನೂ ಅಲ್ಲಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಆ ಹುಡುಗ ನಮ್ಮ ಮನೆಯವನೇ ಆಗಿರಬಹುದು.

ಹೊಣೆ: ನಿಯಮ ಮಾಡುವವರು ತಂದೆ ಮತ್ತು ತಾಯಿ, ಇಬ್ಬರೂ ಕೂಡಿ. ಕಾಕಾ, ಮಾಮಾ, ಓಣಿಯ ಹಿರಿಯರು ಸಲಹೆ ಕೊಡಬಹುದು, ತೀರ್ಪು ಕೊಡಬಾರದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ತಂದೆತಾಯಿಯರೇ ಮಕ್ಕಳ ಮೊದಲ ಶಿಕ್ಷಕರೆಂದು ಹೇಳಿತು. ಆ ಅಧಿಕಾರವನ್ನು ನಾವು ‘ಮಂದಿ’ಯ ಕೈಗೆ ಕೊಟ್ಟುಬಿಡಬಾರದು.

ಸಾರಿ ಹೇಳುವುದು: ಇಲ್ಲಿಯೇ ಹುಲಕೋಟಿಯ ಆ ತಂದೆ ಎಡವಿದ್ದು. ಹೇಳದ ನಿಯಮವನ್ನು ಮಗಳು ಮುರಿದಳೆಂದು ಶಿಕ್ಷೆಗೆ ನಿಂತಿದ್ದರು. ನಾನು ಅವರಿಗೆ ನಮ್ಮ ನೆಲದ್ದೇ ಉದಾಹರಣೆ ಕೊಟ್ಟೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಸಹಕಾರ ಸಂಘ ಕಟ್ಟಿದರು. ಹುಲಕೋಟಿಯಂತೂ ಸಹಕಾರದ ಊರೆಂದೇ ಹೆಸರಾದದ್ದು. ಸಂಘದ ಪೋಟನಿಯಮಗಳನ್ನು ಅಧ್ಯಕ್ಷರು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದು, ಸದಸ್ಯ ತಪ್ಪಿದ ದಿನ ತೆಗೆದು ತೋರಿಸಿದರೆ ಯಾರಾದರೂ ಒಪ್ಪುತ್ತಾರೆಯೇ? ಸಭೆ ಕರೆದು, ಓದಿ ಹೇಳಿ, ಚರ್ಚಿಸಿ, ಪುಸ್ತಕದಲ್ಲಿ ಬರೆದರೇ ಅದು ನಿಯಮ. ಮನೆಯಲ್ಲಿಯೂ ಹಾಗೆಯೇ ಆಗಬೇಕು. ಕೊನೆಯ ಮಾತು ತಂದೆತಾಯಿಯದೇ ಇರಲಿ, ಆದರೆ ಮೊದಲು ಮಕ್ಕಳ ಮಾತು ಕೇಳಿಯಾಗಿರಲಿ.

ಸಂತ ತೋಮಾಸರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಕಾನೂನು ಎಲ್ಲ ದೋಷಗಳನ್ನೂ ಒಮ್ಮೆಲೇ ನಿಷೇಧಿಸಲು ಹೋಗಬಾರದು, ಹೊರಲಾರದ ಭಾರ ಹೇರಿದರೆ ಬಲಹೀನರು ಇನ್ನೂ ದೊಡ್ಡ ಕೇಡಿಗೆ ಬೀಳುತ್ತಾರೆ ಎಂಬುದು ಅವರ ವಿಚಾರ. ಆದ್ದರಿಂದ ನಿಯಮಗಳು ಕಡಿಮೆ ಇರಲಿ. ನಲವತ್ತು ನಿಯಮ ಮಾಡಿ ನಾಲ್ಕನ್ನೂ ಪಾಲಿಸಲಾಗದಿದ್ದರೆ ಮಕ್ಕಳು ಕಲಿಯುವುದು ಒಂದೇ: ಸುಳ್ಳು ಹೇಳುವ ಕಲೆ.

ದೇಶದ ಕಾನೂನು ಏನು ಹೇಳುತ್ತದೆ?

ಮನೆಯ ನಿಯಮ ಮಾಡುವ ಮುನ್ನ ದೇಶದ ಕಾನೂನು ನಮಗೆ ಗೊತ್ತಿರಬೇಕು. ಬಹಳ ಮನೆಗಳಲ್ಲಿ ಇದು ಗೊತ್ತಿಲ್ಲದೆ ಅನಾಹುತ ಆಗಿದೆ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಹದಿನೇಳು ವರ್ಷದ ಹುಡುಗಿ ತಾನೇ ಒಪ್ಪಿದ್ದೆ ಎಂದರೂ ಶರೀರ ಸಂಬಂಧ ಅಪರಾಧವೇ ಆಗುತ್ತದೆ. ಕಾನೂನು ಆ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಬೇಕೆಂದೂ ಈ ಕಾಯ್ದೆ ಹೇಳುತ್ತದೆ. ಹುಡುಗನಿಗೆ ಹತ್ತೊಂಬತ್ತಾಗಿದ್ದರೆ ಅವನು ದೊಡ್ಡವರ ಜೈಲಿಗೇ ಹೋಗಬೇಕಾದೀತು.

ನಮ್ಮ ಜಿಲ್ಲೆಯ ಮೊಕದ್ದಮೆಗಳು ಹೋಗುವ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಮುಂದೆ ಇಂಥ ಒಂದು ಪ್ರಕರಣ ಬಂದಿತ್ತು. ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಮನೆಬಿಟ್ಟು ಹೋಗಿದ್ದಳು. ಹುಡುಗನ ಮೇಲೆ ಮೊಕದ್ದಮೆ ಆಯಿತು. ವಿಚಾರಣೆ ಮುಗಿಯುವ ಹೊತ್ತಿಗೆ ಅವರಿಬ್ಬರೂ ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದರು. 2022ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಪೀಠವು ಹುಡುಗನ ಬಿಡುಗಡೆಯನ್ನು ಎತ್ತಿಹಿಡಿದು, ವಯಸ್ಸಿನ ಮಿತಿಯ ಕುರಿತು ಮತ್ತೆ ವಿಚಾರ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾನೂನನ್ನು ತಿಳಿಸಿಕೊಡಬೇಕೆಂದೂ ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಕಾನೂನು ಆಯೋಗ ತನ್ನ 283ನೆಯ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡ ಎಂದಿತು. ಶಾಲೆ ಹೇಳಿಕೊಡುತ್ತದೆಂದು ಕಾಯಬೇಡಿರಿ. ಮನೆಯಲ್ಲಿ ನೀವೇ ಹೇಳಿರಿ, ಮಗಳಿಗೆ ಹೇಳುವಷ್ಟೇ ಸ್ಪಷ್ಟವಾಗಿ ಮಗನಿಗೂ ಹೇಳಿರಿ.

“ಹಾಗಾದರೆ ಮದುವೆ ಮಾಡಿಬಿಡೋಣ” ಎಂಬುದು ಉತ್ತರವಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮಾಡಿಸಿದ ತಂದೆತಾಯಿಗೆ, ನಡೆಸಿಕೊಟ್ಟವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಆಗಿಲ್ಲವೆಂದು ಲೆಕ್ಕ. ಧರ್ಮಸಭೆಯ 1983ರ ಕಾನೂನು ಸಂಹಿತೆಯೂ (1072ನೆಯ ಕಟ್ಟಳೆ) ನಾಡಿನ ರೂಢಿಯ ವಯಸ್ಸಿಗೆ ಮೊದಲೇ ಮದುವೆಯಾಗದಂತೆ ಯುವಜನರ ಮನವೊಲಿಸಬೇಕೆಂದು ಗುರುಗಳಿಗೆ ಹೇಳುತ್ತದೆ. ಆ ಹದಿನೇಳರ ಹುಡುಗಿಯ ವಿಷಯದಲ್ಲಿ ನಾನು ಮಾಡದೆ ಬಿಟ್ಟದ್ದು ಇದನ್ನೇ.

ಮನೆಗೆ ಎಂಟು ನಿಯಮಗಳು

ಇವು ಕಲ್ಲಿನ ಮೇಲೆ ಕೊರೆದ ಕಟ್ಟಳೆಗಳಲ್ಲ. ನಿಮ್ಮ ಮನೆಗೆ ತಕ್ಕಂತೆ ತಿದ್ದಿಕೊಳ್ಳಿರಿ.

1. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ. ಹೊರಗೆ ಹೋಗುವವರು ಈ ಮೂರನ್ನು ಹೇಳಿ ಹೋಗಬೇಕು. ಅಪ್ಪನೂ ಹೇಳಿ ಹೋಗಬೇಕು. ಅಪ್ಪ ಹೇಳದ ಮನೆಯಲ್ಲಿ ಮಗ ಹೇಳುವುದಿಲ್ಲ.

2. ಮನೆಗೆ ಬರುವ ಹೊತ್ತು ಗಂಡಿಗೂ ಹೆಣ್ಣಿಗೂ ಒಂದೇ. ಹೊತ್ತು ಎಷ್ಟೆಂದು ಬಸ್ಸಿನ ವೇಳೆ, ಟ್ಯೂಷನ್, ಕತ್ತಲು ನೋಡಿ ನಿರ್ಧರಿಸಿರಿ. ತಡವಾದರೆ ಫೋನ್ ಮಾಡಬೇಕು. ಹೇಳಿ ತಡವಾದದ್ದು ಸಣ್ಣ ತಪ್ಪು, ಹೇಳದೆ ತಡವಾದದ್ದು ದೊಡ್ಡ ತಪ್ಪು.

3. ಸ್ನೇಹಿತರು ಮನೆಗೆ ಬರಲಿ. ಪಡಸಾಲೆಯಲ್ಲಿ ಕೂಡಲಿ, ಚಹಾ ಕುಡಿಯಲಿ, ಬಾಗಿಲು ತೆರೆದಿರಲಿ. ಮನೆಯಲ್ಲಿ ದೊಡ್ಡವರು ಇಲ್ಲದಾಗ ಬೇಡ. ಮನೆಗೆ ಕರೆಯಲಾಗದ ಸ್ನೇಹವಿದ್ದರೆ, ಯಾಕೆ ಕರೆಯಲಾಗದು ಎಂದು ಮಗುವೇ ಯೋಚಿಸಲಿ. ನಮಗೆ ಹೆದರಿ ಕರೆಯುತ್ತಿಲ್ಲವೋ ಎಂದು ನಾವೂ ಯೋಚಿಸೋಣ.

4. ಇಬ್ಬರೇ ಅಲ್ಲ, ಗುಂಪಿನಲ್ಲಿ. ಹದಿನೈದು ಹದಿನಾರರಲ್ಲಿ ಜೋಡಿಯಾಗಿ ದೂರ ತಿರುಗುವುದಕ್ಕಿಂತ ಗುಂಪಿನಲ್ಲಿ ಕೂಡಿ ಓದುವುದು, ಆಡುವುದು, ಗಾಯನವೃಂದದಲ್ಲಿ ಹಾಡುವುದು ಲೇಸು. ಗುಂಪಿನಲ್ಲಿ ಮನುಷ್ಯನ ನಿಜವಾದ ಗುಣ ಕಾಣುತ್ತದೆ. ಬೈಕಿನ ಮಾತು ಬಂದರೆ, ಹದಿನೆಂಟು ತುಂಬದ ಮಗನಿಗೆ ಗೇರಿನ ಬೈಕ್ ಕೊಡಬೇಡಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೆ ತಂದೆಯೇ ತಪ್ಪಿತಸ್ಥ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

5. ರಾತ್ರಿ ಹತ್ತಕ್ಕೆ ಎಲ್ಲ ಮೊಬೈಲುಗಳೂ ಒಂದೇ ಜಾಗದಲ್ಲಿ. ಅಪ್ಪ ಅಮ್ಮನದೂ ಸೇರಿ. ಬಟ್ಟೆಯಿಲ್ಲದ ಚಿತ್ರ ಯಾರೇ ಕೇಳಿದರೂ ಕಳಿಸಬಾರದು, ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಬಾರದು. ಹದಿನೆಂಟು ತುಂಬದವರ ಇಂಥ ಚಿತ್ರ ಹಂಚುವುದು ಅಪರಾಧ. ಯಾರಾದರೂ ಚಿತ್ರ ಇಟ್ಟುಕೊಂಡು ಹೆದರಿಸಿದರೆ ಆ ಗಳಿಗೆಯಲ್ಲೇ ಮನೆಯಲ್ಲಿ ಹೇಳಬೇಕು. ನಾವು ಕದ್ದು ಅವರ ಮೊಬೈಲ್ ಓದುವುದಿಲ್ಲ, ನೋಡಲೇಬೇಕಾದ ಕಾರಣವಿದ್ದರೆ ಹೇಳಿಯೇ ನೋಡುತ್ತೇವೆ ಎಂದು ತಂದೆತಾಯಿಯೂ ಮಾತು ಕೊಡಬೇಕು.

6. ಶರೀರದ ಗಡಿ. ಇದನ್ನು ಬಾಯಿಬಿಟ್ಟು ಹೇಳಿರಿ. ಶರೀರವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಪೂರ್ಣ ಸಮರ್ಪಣೆಗೆ ಮದುವೆಯೇ ಜಾಗ ಎಂಬುದು ನಮ್ಮ ವಿಶ್ವಾಸ. ಒಬ್ಬರು ‘ಬೇಡ’ ಎಂದರೆ ಇನ್ನೊಬ್ಬರು ಅಲ್ಲಿಗೇ ನಿಲ್ಲಬೇಕು. “ನನ್ನ ಮೇಲೆ ಪ್ರೀತಿ ಇದ್ದರೆ ಒಪ್ಪು” ಎನ್ನುವವರು ಪ್ರೀತಿಸುತ್ತಿಲ್ಲ, ಚೌಕಾಶಿ ಮಾಡುತ್ತಿದ್ದಾರೆ. ಮಗಳಿಗೆ ತಾಯಿ, ಮಗನಿಗೆ ತಂದೆ ಇದನ್ನು ಹೇಳಲಿ. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಕುಟುಂಬದ ಕುರಿತು ಬರೆದ ಪ್ರೇರಿತ ಪತ್ರದಲ್ಲಿ ಈ ಶಿಕ್ಷಣ ತಂದೆತಾಯಿಯ ಮೂಲ ಹಕ್ಕು ಹಾಗೂ ಕರ್ತವ್ಯ ಎಂದಿದ್ದಾರೆ. ನಾವು ಹೇಳದಿದ್ದರೆ ಮೊಬೈಲ್ ಹೇಳುತ್ತದೆ, ಅದೂ ಕೆಟ್ಟದಾಗಿ.

7. ಓದು, ಮನೆಗೆಲಸ, ಭಾನುವಾರದ ಪೂಜೆ ತಪ್ಪಬಾರದು. ಒಳ್ಳೆಯ ಸ್ನೇಹ ಮನುಷ್ಯನನ್ನು ಬೆಳೆಸುತ್ತದೆ. ಅಂಕ ಇಳಿದರೆ, ಊಟ ಬಿಟ್ಟರೆ, ಹಳೆಯ ಗೆಳೆಯರೆಲ್ಲ ದೂರವಾದರೆ ಅಲ್ಲಿ ಏನೋ ಸರಿಯಿಲ್ಲ. ಯಾರ ಜೊತೆ ಮಾತಾಡಬೇಕು, ಯಾವ ಬಟ್ಟೆ ತೊಡಬೇಕು ಎಂದು ಆ ಸ್ನೇಹಿತರೇ ಅಪ್ಪಣೆ ಮಾಡತೊಡಗಿದರೆ ಅದು ಪ್ರೀತಿಯಲ್ಲ, ಹಿಡಿತ.

8. ಏನೇ ಆಗಲಿ, ಮನೆಗೆ ಬಾ. ಇದು ಎಲ್ಲಕ್ಕಿಂತ ದೊಡ್ಡ ನಿಯಮ. ಎಲ್ಲಿಯಾದರೂ ಸಿಕ್ಕಿಕೊಂಡರೆ, ಹೆದರಿಕೆಯಾದರೆ, ತಪ್ಪೇ ನಡೆದುಹೋಗಿದ್ದರೂ ಮೊದಲು ಮನೆಗೆ ಫೋನ್ ಮಾಡು. ನಾವು ಬಂದು ಕರೆದುಕೊಂಡು ಬರುತ್ತೇವೆ. ಆ ರಾತ್ರಿ ಯಾರೂ ಕೈ ಎತ್ತುವುದಿಲ್ಲ, ಬೈಯುವುದಿಲ್ಲ. ಊಟ, ನಿದ್ದೆ, ಮರುದಿನ ಮಾತು. ಮನೆಯಲ್ಲಿ ಹೇಳಲಾಗದ ಸ್ಥಿತಿ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ ಎಂಬುದೂ ಮಕ್ಕಳಿಗೆ ಗೊತ್ತಿರಲಿ.

ಈ ಎಂಟನೆಯ ನಿಯಮ ನಾನು ಕಟ್ಟಿದ್ದಲ್ಲ. ಕಳೆದುಹೋದ ಮಗನ ಸಾಮತಿಯಲ್ಲಿ ಆ ತಂದೆ ಮಗನಿಗೆ ಮೊದಲು ಲೆಕ್ಕ ಕೇಳಲಿಲ್ಲ. ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡ. ಬಾಗಿಲು ತೆರೆದಿದೆ ಎಂಬ ನಂಬಿಕೆ ಇದ್ದದ್ದರಿಂದಲೇ ಆ ಮಗ ಎದ್ದು ಹೊರಟ.

ನಿಯಮ ಮುರಿದಾಗ

ಮುರಿಯುತ್ತಾರೆ. ನಾವೂ ಮುರಿದಿದ್ದೇವೆ. ಶಿಕ್ಷೆ ಏನೆಂಬುದನ್ನು ಮೊದಲೇ ಹೇಳಿರಿ. ಅದು ಸಣ್ಣದಿರಲಿ, ಅದಕ್ಕೊಂದು ಕೊನೆಯ ದಿನವಿರಲಿ. ಹೇಳದೆ ತಡವಾಗಿ ಬಂದರೆ ಮುಂದಿನ ಎರಡು ಶನಿವಾರ ಹೊರಗೆ ಹೋಗುವಂತಿಲ್ಲ, ಅಷ್ಟೇ. ಮೂರನೆಯ ಶನಿವಾರ ಹಳೆಯದನ್ನು ಕೆದಕಬಾರದು.

ಎಂದೂ ಮಾಡಬಾರದ ಶಿಕ್ಷೆಗಳು ನಾಲ್ಕು. ಹೊಡೆಯಬಾರದು. ಊಟ ನಿಲ್ಲಿಸಬಾರದು. ನೆಂಟರ ಮುಂದೆ ಮಾನ ಕಳೆಯಬಾರದು. ಓದು ಬಿಡಿಸಬಾರದು. ಕೊನೆಯದನ್ನು ಒತ್ತಿ ಹೇಳುತ್ತೇನೆ. ಒಂದು ವರ್ಷದ ಮನಸ್ಸಿನ ಸೆಳೆತಕ್ಕೆ ಇಡೀ ಬಾಳಿನ ವಿದ್ಯೆಯನ್ನು ದಂಡವಾಗಿ ಕಿತ್ತುಕೊಳ್ಳುವುದು ನ್ಯಾಯವಲ್ಲ. ಸಾಮಾನ್ಯವಾಗಿ ಈ ದಂಡ ಹುಡುಗಿಯರ ಮೇಲೆಯೇ ಬೀಳುತ್ತದೆ. ಮಕ್ಕಳು ಮನಗುಂದುವಂತೆ ಅವರನ್ನು ಕೆಣಕಬಾರದೆಂದು ಸಂತ ಪೌಲರು ಕೊಲೊಸ್ಸೆಯ ತಂದೆಯರಿಗೆ ಎಚ್ಚರಿಕೆ ಕೊಟ್ಟದ್ದನ್ನು ನೆನೆಯಿರಿ. ಮನಗುಂದಿದ ಮಗು ಏನು ಮಾಡಿಕೊಂಡೀತು ಎಂಬುದನ್ನು ನಾನಿಲ್ಲಿ ಬಿಡಿಸಿ ಬರೆಯಬೇಕಿಲ್ಲ.

ಬೇರೆ ಜಾತಿ, ಬೇರೆ ಧರ್ಮ

“ಹುಡುಗ ನಮ್ಮವ ಅಲ್ಲರಿ ಫಾದರ್” ಎಂದು ಆ ತಂದೆ ಕೊನೆಗೆ ಮೆಲ್ಲಗೆ ಹೇಳಿದರು. ಈ ಮಾತನ್ನು ನಾವು ಮುಚ್ಚಿಡುವುದು ಬೇಡ.

ಕಥೋಲಿಕರಲ್ಲದವರ ಜೊತೆ ಮದುವೆಗೆ ಧರ್ಮಸಭೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೇರೆ ಸಭೆಯ ಕ್ರೈಸ್ತರಾದರೆ ಅನುಮತಿ, ಸ್ನಾನದೀಕ್ಷೆ ಪಡೆಯದವರಾದರೆ ವಿನಾಯಿತಿ ಬೇಕು. ಅವನ್ನು ಧರ್ಮಾಧ್ಯಕ್ಷರಿಂದ ಪಡೆಯುವ ಕ್ರಮವಿದೆ. ಒಂದೇ ವಿಶ್ವಾಸದಲ್ಲಿ ಸಂಸಾರ ಕಟ್ಟುವುದರ ಬಲ ಏನೆಂದು ಮಕ್ಕಳಿಗೆ ಖಂಡಿತ ಹೇಳಿರಿ. ಜಪಸರ ಹಿಡಿದು ಕೂಡಿ ಪ್ರಾರ್ಥಿಸುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅದು ಅರ್ಥವಾಗುತ್ತದೆ. ಆದರೆ ಹದಿನೇಳರಲ್ಲಿ ಅದು ಇನ್ನೂ ಮದುವೆಯ ಪ್ರಶ್ನೆಯಲ್ಲ. ಅವರು ಒಬ್ಬರೊಡನೆ ಮಾತಾಡಿದ ದಿನವೇ ನಾವು ಮದುವೆಯ, ಜಾತಿಯ ಮಾತೆತ್ತಿದರೆ, ತಾನಾಗಿ ಮಾಯುತ್ತಿದ್ದ ಒಂದು ಸ್ನೇಹವನ್ನು ನಾವೇ ಹಟವಾಗಿ ಮಾರ್ಪಡಿಸುತ್ತೇವೆ.

ಜಾತಿಯ ವಿಷಯಕ್ಕೆ ಬಂದರೆ ನಾವು ಕ್ರೈಸ್ತರೂ ಎದೆ ಮುಟ್ಟಿಕೊಳ್ಳಬೇಕು. ಬಲಿಪೀಠದ ಮುಂದೆ ಒಂದೇ ಪ್ರಸಾದ ಸ್ವೀಕರಿಸಿ, ಹೊರಗೆ ಬಂದು ವರನ ಜಾತಿ ಕೇಳುವವರು ನಮ್ಮಲ್ಲೂ ಇದ್ದಾರೆ. ಇದರ ಕೊನೆ ಎಲ್ಲಿ ಎಂಬುದನ್ನು ನಮ್ಮ ಗದಗ ಜಿಲ್ಲೆಯೇ ಕಂಡಿದೆ. 2019ರ ನವೆಂಬರ್‌ನಲ್ಲಿ ಗಜೇಂದ್ರಗಡದ ಹತ್ತಿರದ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಊರಿಗೆ ಬಂದಿದ್ದ ಗಂಡಹೆಂಡಿರನ್ನು ಕಲ್ಲಿನಿಂದ ಹೊಡೆದು ಕೊಂದರು. ಕೊಲ್ಲುವ ಸಿಟ್ಟು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ‘ಮಂದಿ ಏನಂತಾರ’ ಎಂಬ ಮಾತನ್ನು ಮಗುವಿನ ಜೀವಕ್ಕಿಂತ ಮೇಲಿಟ್ಟ ದಿನ ಅದು ಹುಟ್ಟುತ್ತದೆ.

ಹದಿನೆಂಟು ತುಂಬಿದ ಮೇಲೆ

ಬೇಲಿ ಶಾಶ್ವತವಲ್ಲ. ಪ್ರಾಯಕ್ಕೆ ಬಂದ ಇಬ್ಬರು ಪರಸ್ಪರ ಒಪ್ಪಿದರೆ ಅವರ ಮದುವೆಗೆ ಕುಟುಂಬದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಅಧಿಕಾರವಲ್ಲ, ವಿಶ್ವಾಸ ಮಾತ್ರ. ಹದಿನಾಲ್ಕರಿಂದ ಹದಿನೆಂಟರವರೆಗೆ ನೀವು ಅವರ ಮಾತು ಕೇಳಿದ್ದರೆ, ಹದಿನೆಂಟರ ಮೇಲೆ ಅವರು ನಿಮ್ಮ ಮಾತು ಕೇಳುತ್ತಾರೆ.

ಆದ್ದರಿಂದ ನಿಯಮಗಳು ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತ ಹೋಗಬೇಕು. ಹದಿನಾಲ್ಕಕ್ಕೆ ಇದ್ದ ಹೊತ್ತು ಹದಿನೇಳಕ್ಕೆ ಇರಬಾರದು. ಪ್ರತಿ ವರ್ಷ ಹುಟ್ಟುಹಬ್ಬದ ದಿನ ಮಗುವಿನ ಜೊತೆ ಕುಳಿತು, “ಈ ವರ್ಷ ಯಾವ ನಿಯಮ ಬಿಡೋಣ, ಯಾವ ಹೊಣೆ ಕೊಡೋಣ?” ಎಂದು ಕೇಳಿರಿ. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಪ್ರೀತಿಯ ಕುರಿತು ಬರೆದ ಪತ್ರದಲ್ಲಿ ಇದೇ ವಿಚಾರ ಹೇಳಿದ್ದಾರೆ. ಮಕ್ಕಳು ಈ ಗಳಿಗೆಯಲ್ಲಿ ಎಲ್ಲಿದ್ದಾರೆ ಎಂದು ಹುಡುಕುವುದಕ್ಕಿಂತ, ಅವರ ಮನಸ್ಸು ಎಲ್ಲಿದೆ, ಅವರ ಆಸೆ ಕನಸುಗಳು ಏನು ಎಂದು ಅರಿಯುವುದು ಮುಖ್ಯ. ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಉಳಿದುಬಿಟ್ಟಾಗ ಮಾತೆ ಮರಿಯಮ್ಮನವರು ಮೂರು ದಿನ ಹುಡುಕಿದರು. ಸಿಕ್ಕಾಗ ಮೊದಲು ಕೇಳಿದ್ದು ಒಂದು ಪ್ರಶ್ನೆ: ಯಾಕೆ ಹೀಗೆ ಮಾಡಿದೆ ಎಂದು. ಉತ್ತರ ಪೂರ್ತಿ ಅರ್ಥವಾಗದಿದ್ದರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಕೇಳುವುದು, ಅರ್ಥವಾಗದ್ದನ್ನು ತಾಳ್ಮೆಯಿಂದ ಇಟ್ಟುಕೊಳ್ಳುವುದು, ಇವೆರಡೂ ತಂದೆತಾಯ್ತನದ ಅರ್ಧ ಭಾಗ.

ಆ ಮನೆಯಲ್ಲಿ ಏನಾಯಿತು?

ಹುಲಕೋಟಿಯ ಆ ತಂದೆ ಅಂದು ರಾತ್ರಿ ಮನೆಗೆ ಹೋಗಿ ಮೊಬೈಲ್ ಹಿಂದಕ್ಕೆ ಕೊಟ್ಟರು. ಮುಂದಿನ ಭಾನುವಾರ ಊಟವಾದ ಮೇಲೆ ನಾಲ್ವರೂ ಕುಳಿತರು. ಆ ಮನೆಯಲ್ಲಿ ಅಂಥ ಸಭೆ ಅದೇ ಮೊದಲು. ಮಗಳು ಅರ್ಧ ಗಂಟೆ ಬಾಯಿಯೇ ಬಿಡಲಿಲ್ಲವಂತೆ. ಕೊನೆಗೆ ತಾಯಿ, “ನಿಂಗೂ ಏನರೆ ಬೇಕಾದ್ರ ಹೇಳವ್ವಾ, ಬರಕೋತೇವಿ” ಎಂದಾಗ, “ಬ್ಯಾರೆಯವರ ಮಾತು ಕೇಳೂಕಿಂತ ಮೊದಲ ನನ್ನ ಕೇಳ್ರಿ” ಎಂದಳಂತೆ. ನೋಟಬುಕ್ಕಿನ ಹಾಳೆಯ ಮೇಲೆ ಅವರು ಬರೆದುಕೊಂಡ ಮೊದಲ ನಿಯಮ ಅದೇ. ಎರಡನೆಯದು ಅಣ್ಣನ ರಾತ್ರಿಯ ಹೊತ್ತು. ಅದಕ್ಕೆ ಅವನು ಬಹಳ ಗದ್ದಲ ಮಾಡಿದನಂತೆ. ಆದರೂ ಸಹಿ ಹಾಕಿದ.

ಎಲ್ಲವೂ ಸುಗಮವಾಯಿತೆಂದು ಹೇಳಲಾರೆ. ಒಮ್ಮೆ ಆಕೆ ಹೇಳದೆ ತಡವಾಗಿ ಬಂದಳು, ಎರಡು ಶನಿವಾರ ಮನೆಯಲ್ಲಿದ್ದಳು. ಒಮ್ಮೆ ತಂದೆಯೇ ಸಿಟ್ಟಿನಲ್ಲಿ ಕೈ ಎತ್ತಿ, ತಡೆದುಕೊಂಡು ಹೊರಗೆ ಹೋಗಿ ಕುಳಿತರು. ಆದರೆ ಆಕೆ ಪರೀಕ್ಷೆ ಬರೆದಳು, ಪಾಸಾದಳು, ಈಗ ಡಿಗ್ರಿ ಓದುತ್ತಿದ್ದಾಳೆ. ಆ ಸ್ನೇಹ ಏನಾಯಿತು ಎಂದು ನೀವು ಕೇಳಬಹುದು. ಅದನ್ನು ಹೇಳುವ ಹಕ್ಕು ಆಕೆಯದು, ನನ್ನದಲ್ಲ. ಆಕೆ ಅದನ್ನು ತನ್ನ ತಾಯಿಗೆ ಹೇಳಿದ್ದಾಳೆ ಎಂಬುದು ನನಗೆ ಗೊತ್ತು. ಅಷ್ಟು ಸಾಕು.

ಈ ವಾರ ಮನೆಯಲ್ಲಿ ಕೂಡಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಹೇಳಿರುವ ನಿಯಮಗಳು ಯಾವುವು? ಹೇಳದೆಯೇ ಇರುವ ನಿಯಮಗಳು ಯಾವುವು?

2. ಮಗನಿಗೂ ಮಗಳಿಗೂ ಬೇರೆ ಬೇರೆ ಇರುವ ನಿಯಮಗಳಿವೆಯೇ? ಅದಕ್ಕೆ ಕಾರಣ ಕೊಡಬಲ್ಲೆವೇ?

3. ಮಕ್ಕಳಿಗೆ: ತಪ್ಪು ನಡೆದಾಗ ಮೊದಲು ಯಾರಿಗೆ ಹೇಳುತ್ತೀರಿ? ಅಪ್ಪ ಅಮ್ಮನ ಹೆಸರು ಬರದಿದ್ದರೆ ಯಾಕೆ?

4. ತಂದೆತಾಯಿಗೆ: ನೀವು ಹದಿನೇಳರಲ್ಲಿದ್ದಾಗ ನಿಮ್ಮನ್ನು ಯಾರು ಕೇಳಬೇಕಿತ್ತು?

ಪ್ರಾರ್ಥನೆ: ನಜರೇತಿನ ಪವಿತ್ರ ಕುಟುಂಬವೇ, ನಮ್ಮ ಮನೆಯ ನಿಯಮಗಳಲ್ಲಿ ಪ್ರೀತಿಯೂ ನಮ್ಮ ಪ್ರೀತಿಯಲ್ಲಿ ವಿವೇಕವೂ ಇರುವಂತೆ ನಮಗಾಗಿ ಪ್ರಾರ್ಥಿಸಿರಿ. ನಮ್ಮ ಮಕ್ಕಳು ಎಷ್ಟೇ ದೂರ ಹೋದರೂ ಮನೆಯ ದಾರಿಯನ್ನು ಮರೆಯದಿರಲಿ. ಅವರು ಬಂದಾಗ ನಮ್ಮ ಬಾಗಿಲು ತೆರೆದಿರಲಿ. ಆಮೆನ್.